525 ಪಟ್ಟು ಅನ್ನೋ ಬುರುಡೆ

ಟೆಲಿಸ್ಕೋಪ್ ಡಬ್ಬದ ಮೇಲೆ ‘525 ಪಟ್ಟು ದೊಡ್ಡದಾಗಿ ಕಾಣುತ್ತೆ’ ಅಂತಿದ್ರೆ ದಯವಿಟ್ಟು ಅಲ್ಲೇ ಬಿಟ್ಟು ಬನ್ನಿ. ಆ ಲೆಕ್ಕ ಹುಟ್ಟೋದು ಹೀಗೆ: 700 ಮಿ.ಮೀ. ನಾಭಿದೂರವನ್ನ 4 ಮಿ.ಮೀ. ಐಪೀಸ್‌ನಿಂದ ಭಾಗಿಸಿದ್ರೆ 175. ಮೇಲೊಂದು ಮೂರು ಪಟ್ಟಿನ ಬಾರ್ಲೋ ಲೆನ್ಸ್ ಸಿಕ್ಕಿಸಿದ್ರೆ 525. ಗುಣಾಕಾರವೇನೋ ಸರಿ, ಕಾಣೋದು ಮಾತ್ರ ಬರೀ ಮಸುಕು. ಮುಂದಿನ ಮಸೂರದ ಅಗಲ 60 ಮಿ.ಮೀ. ಇದ್ರೆ ಅದರ ಎರಡರಷ್ಟು, ಅಂದ್ರೆ 120ರ ಆಚೆ ಎಳೆದು ಪ್ರಯೋಜನ ಇಲ್ಲ. ಗೆಲಿಲಿಯೋ 1610ರಲ್ಲಿ ಗುರುವಿನ ನಾಲ್ಕು ಚಂದ್ರರನ್ನ ಕಂಡಿದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ!

ಇದರಲ್ಲಿ ಮೋಸ ಹೋಗೋರು ಬೆಂಗಳೂರಲ್ಲಿರೋ ನಾವಲ್ಲ. ನಮಗೆ ನೆಹರು ತಾರಾಲಯ ಇದೆ, ಹೋಗಿ ಯಾರನ್ನಾದ್ರೂ ಕೇಳಬಹುದು. ಜಗಳೂರು ತಾಲೂಕಿನ ಬಿಳಿಚೋಡಿನಂಥ ಊರಲ್ಲಿ, ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಮಗಳಿಗೆ ಅಂತ ತರಿಸೋ ಅಪ್ಪನಿಗೆ ಡಬ್ಬದ ಮೇಲಿನ ನಂಬರೇ ಗತಿ. ಬರದ ಸೀಮೆ ಅಂತ ಬೈಸಿಕೊಳ್ಳೋ ಆ ಕಡೆ ಮಳೆ ಕಡಿಮೆ, ಬೀದಿದೀಪವೂ ಕಡಿಮೆ. ಆಕಾಶದ ವಿಷಯದಲ್ಲಿ ನಾವೇ ಬಡವರು. ಅಂಥಲ್ಲಿ ಹುಡುಗಿ ನಡುಗೋ ಸ್ಟ್ಯಾಂಡಿನ ಮೇಲೆ ಶನಿಯನ್ನ ಹುಡುಕಿ ಹುಡುಕಿ, ‘ಇದು ನನ್ ಕೈಲಾಗೋದಲ್ಲ’ ಅಂತ ಅಟ್ಟಕ್ಕೆ ಹಾಕ್ತಾಳೆ. ತಪ್ಪು ಅವಳದ್ದಾ ರೀ?

ಕೊಳ್ಳಲೇಬೇಕಂದ್ರೆ 70 ಮಿ.ಮೀ. ಮಸೂರ, 20 ಮಿ.ಮೀ. ಐಪೀಸ್, ಅಲುಗಾಡದ ಸ್ಟ್ಯಾಂಡು ಸಾಕು. 35 ಪಟ್ಟಿಗೇ ಶನಿಯ ಬಳೆ ಕಾಣುತ್ತೆ. ಸ್ಟ್ಯಾಂಡಿನಲ್ಲಿ ಮಾತ್ರ ದುಡ್ಡು ಉಳಿಸೋಕೆ ಹೋಗಬೇಡಿ. ಅಷ್ಟೂ ಇಲ್ವಾ? 10×50 ಬೈನಾಕ್ಯುಲರ್ ತಗೊಳ್ಳಿ, ಗುರುವಿನ ಚಂದ್ರರು ಅದರಲ್ಲೂ ಸಿಗ್ತಾರೆ. ಹಾಂ, ಐಪೀಸಿಗೆ ತಿರುಗಿಸಿ ಹಾಕೋ ‘ಸೂರ್ಯನ ಫಿಲ್ಟರ್’ ಪುಕ್ಕಟೆ ಬಂದಿದ್ರೆ ಮೊದಲು ಅದನ್ನ ಒಡೆದು ಬಿಸಾಕಿ. ಬಿಸಿಗೆ ಅದು ಬಿರುಕು ಬಿಟ್ರೆ ಹೋಗೋದು ಮಗುವಿನ ಕಣ್ಣು.