ಗಾಡಿ ಅಪ್ಪನ ಹೆಸರಲ್ಲಿದೆ, ಅಮ್ಮ ಓಡಿಸಿದ್ರೆ ಇನ್ಶೂರೆನ್ಸ್ ಬರಲ್ವಂತೆ!

1/6
ನಮ್ಮನೇಲಿ ಕಾರ್ ಇದೆ. ಅಮ್ಮನ ಹತ್ರ ಡಿಎಲ್ ಇದೆ. ಆದ್ರೂ ಹೋದ ತಿಂಗಳು ರಾತ್ರಿ ಅಜ್ಜಿಗೆ ಉಸಿರಾಟದ ತೊಂದರೆ ಆದಾಗ ಅಮ್ಮ ಗೇಟ್ ಹತ್ರ ಆಟೋಗೆ ಕಾಯ್ತಾ ನಿಂತಿದ್ರು. ಅಪ್ಪ ಊರಲ್ಲಿರ್ಲಿಲ್ಲ. ಕೀ ಮೊಳೆಯಲ್ಲೇ ನೇತಾಡ್ತಿತ್ತು. ಯಾಕಂದ್ರೆ "ಪಾಲಿಸಿ ನನ್ನ ಹೆಸರಲ್ಲಿದೆ, ನೀನು ಓಡ್ಸಿ ಏನಾದ್ರೂ ಆದ್ರೆ ಒಂದು ರೂಪಾಯಿ ಬರಲ್ಲ" ಅಂತ ಅಪ್ಪ ವರ್ಷಗಳಿಂದ ಹೇಳ್ತಾ ಬಂದಿದ್ದಾರೆ.
ಅಜ್ಜಿ ಈಗ ಆರಾಮಾಗಿದ್ದಾರೆ. ನನ್ನ ಕೋಪ ಮಾತ್ರ ಇಳಿದಿಲ್ಲ.

2/6
ಆ ಮಾತು ಸುಳ್ಳು. ನಮ್ಮಲ್ಲಿ ಮೋಟಾರು ಪಾಲಿಸಿ ಇರೋದು ಗಾಡಿಗೆ. ನಿಮ್ಮನೆ ಪಾಲಿಸಿ ತೆಗೆದು 'ಡ್ರೈವರ್ಸ್ ಕ್ಲಾಸ್' ಓದಿ. ಖಾಸಗಿ ಕಾರನ್ನ ಮಾಲೀಕರೂ ಸೇರಿ ಯಾರು ಬೇಕಾದ್ರೂ ಓಡಿಸಬಹುದು, ಅಪಘಾತದ ಹೊತ್ತಲ್ಲಿ ಚಾಲ್ತಿಯಲ್ಲಿರೋ ಲೈಸೆನ್ಸ್ ಇರಬೇಕು. ಅಮ್ಮ ಓಡಿಸುವಾಗ ದಾರಿಹೋಕರಿಗೆ ಪೆಟ್ಟಾದ್ರೆ ಥರ್ಡ್ ಪಾರ್ಟಿ ಕವರ್ ಇದೆ. ಕಾಂಪ್ರಿಹೆನ್ಸಿವ್ ಪಾಲಿಸಿ ಇದ್ರೆ ಕಾರಿನ ಜಖಂಗೂ ಇದೆ.
ಕ್ಲೇಮ್ ಮಾಡಿದ್ರೆ ಅಪ್ಪನ ನೋ ಕ್ಲೇಮ್ ಬೋನಸ್ ಹೋಗುತ್ತೆ, ನಿಜ. ಅಪ್ಪನೇ ಗುದ್ದಿದ್ರೂ ಹೋಗುತ್ತೆ!

3/6
ಹಾಗಂತ "ಎಲ್ಲಾ ಕವರ್ ಆಗುತ್ತೆ ಬಿಡು ಗುರು" ಅನ್ನೋರನ್ನೂ ನಂಬಬೇಡಿ. ಅದು ಅರ್ಧ ಸುಳ್ಳು.
ಪಾಲಿಸಿ ಜೊತೆ ಬರೋ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ 'ಓನರ್-ಡ್ರೈವರ್'ಗೆ ಮಾತ್ರ. ಅಂದ್ರೆ ಆರ್‌ಸಿಲಿ ಹೆಸರಿರೋ, ಲೈಸೆನ್ಸ್ ಇರೋ ಮಾಲೀಕರಿಗೆ. ಸ್ಟೇರಿಂಗ್ ಹಿಡಿದ ಅಮ್ಮನಿಗೇ ಏನಾದ್ರೂ ಆದ್ರೆ ಆ 15 ಲಕ್ಷ ಬರಲ್ಲ. ಬಂಪರ್‌ಗೆ ವಿಮೆ ಇದೆ, ಅಮ್ಮನಿಗಿಲ್ಲ!

4/6
ಇದು ಬರೀ ಪೇಪರ್ ಮೇಲಿನ ಮಾತಲ್ಲ. ನಮ್ಮದೇ ಇಳಕಲ್-ಕುಷ್ಟಗಿ ಹೆದ್ದಾರಿಲಿ ಬೇರೆಯವರ ಬೈಕ್ ತಗೊಂಡು ಹೋಗ್ತಿದ್ದವರು ಎತ್ತಿನಗಾಡಿಗೆ ಡಿಕ್ಕಿ ಹೊಡೆದು ತೀರ್ಕೊಂಡ್ರು. ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯ್ತು. 2009ರಲ್ಲಿ ಕೋರ್ಟ್ ಹೇಳಿದ್ದು: ಗಾಡಿ ಎರವಲು ಪಡೆದವರು ಮಾಲೀಕರ ಜಾಗದಲ್ಲೇ ನಿಲ್ತಾರೆ, ಆಗಿನ ಸೆಕ್ಷನ್ 163ಎ ಅಡಿ ಅವರ ಕುಟುಂಬಕ್ಕೆ ಪರಿಹಾರ ಕೇಳೋಕಾಗಲ್ಲ. ಗಂಡನ ಗಾಡಿ ಓಡಿಸೋ ಹೆಂಡತಿಗೂ ಇದೇ ತರ್ಕ ತಗಲುತ್ತೆ.

5/6
ಉಲ್ಟಾ ಕೇಸೂ ನೋಡಿ. "ಹೆಂಡ್ತಿ ಹೆಸರಲ್ಲಿ ತಗೊಂಡ್ರೆ ಲಕ್ಷ್ಮಿ ಬರ್ತಾಳೆ" ಅಂತ ಆರ್‌ಸಿ ಅವರ ಹೆಸರಿಗೆ. ಅವರಿಗೆ ಡಿಎಲ್ಲೇ ಇಲ್ಲ, ಓಡಿಸೋದು ಗಂಡ. ಈಗ ಆ 15 ಲಕ್ಷ ಇಬ್ಬರಿಗೂ ಇಲ್ಲ.

6/6
ಅದಕ್ಕೇ ಇವತ್ತು ಮನೇಲಿ ಮೂರು ಕೆಲಸ ಮಾಡಿ.
👉 ಅಮ್ಮನ ಡಿಎಲ್ ಅವಧಿ ಮುಗಿದಿದೆಯಾ ನೋಡಿ. ಲೈಸೆನ್ಸ್ ಇಲ್ಲದವರಿಗೆ ಕೀ ಕೊಟ್ರೆ ಮಾಲೀಕರಿಗೆ 5,000 ರೂ. ದಂಡ ಬೀಳಬಹುದು, ಜೈಲೂ ಆಗಬಹುದು.
👉 ರಿನ್ಯೂವಲ್ ಟೈಮಲ್ಲಿ ಅಮ್ಮನಿಗೂ ಅಪಘಾತ ವಿಮೆ ಸೇರಿಸೋಕಾಗುತ್ತಾ ಕೇಳಿ. ಆಗಲ್ಲ ಅಂದ್ರೆ ಅವರ ಹೆಸರಲ್ಲೇ ಬೇರೆ ವೈಯಕ್ತಿಕ ಅಪಘಾತ ಪಾಲಿಸಿ ಮಾಡ್ಸಿ.
👉 ಕೀ ಕೊಡಿ.

ಅಪ್ಪಂದಿರೇ, ಭಯ ಇನ್ಶೂರೆನ್ಸ್‌ದಾಗಿದ್ರೆ ಅದಕ್ಕೆ ದಾರಿ ಇದೆ. ಭಯ ಬೇರೇದಾಗಿದ್ರೆ ಅದನ್ನೇ ನೇರವಾಗಿ ಹೇಳಿ, ಪಾಲಿಸಿ ಹಿಂದೆ ಬಚ್ಚಿಟ್ಕೋಬೇಡಿ.

ಸೇವ್ ಮಾಡ್ಕೊಳ್ಳಿ. ಫ್ಯಾಮಿಲಿ ಗ್ರೂಪಿಗೆ ಹಾಕಿ, ಬೈದ್ರೆ ನನ್ನ ಹೆಸರು ಹೇಳಿ 😤

#ಅಮ್ಮನಿಗೂಕೀಕೊಡಿ #ಪಾಲಿಸಿಓದಿ