ಟೆಸ್ಟ್ ಬೇಡ ಎನ್ನುವ ಗೆಳೆಯರಿಗೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವ ಕೆಲವು ಗೆಳೆಯರಿಗೆ ಯೂನಿಟ್ ಟೆಸ್ಟ್ ಎಂದರೆ ಆಗದು. ಅದು ಬೆಂಗಳೂರಿನ ದೊಡ್ಡ ಕಂಪನಿಗಳ ಶೋಕಿ, ದಾವಣಗೆರೆಗೆ ಯಾಕೆ ಎನ್ನುತ್ತಾರೆ. ಅವರ ಒಂದೊಂದು ಮಾತಿಗೂ ನನ್ನ ಉತ್ತರ ಇಲ್ಲಿದೆ.

‘ಓಡಿಸಿ ನೋಡಿರುತ್ತೇವಲ್ಲ, ಸಾಲದೇ?’ ಸಾಲದು. ಪೈಥಾನಿನಲ್ಲಿ ‘ಬಿಲ್’ ಎಂಬ ಕ್ಲಾಸ್ ಬರೆದಿದ್ದೀರಿ, ಅದರೊಳಗೆ ತೆರಿಗೆ ಲೆಕ್ಕ ಹಾಕುವ ಮೆಥಡ್ ಇದೆ ಎನ್ನಿ. ಹೊಸೂರಿನ ಗಿರಾಕಿಗೆ 675 ರೂಪಾಯಿಯ ಮಾಲು ಹೋಗಬೇಕು. ಹೊರ ರಾಜ್ಯವಾದ್ದರಿಂದ ಐಜಿಎಸ್‌ಟಿ, ಶೇ. 18ರಂತೆ 121.50. ಪೈಥಾನಿನ ‘ರೌಂಡ್’ ಅದನ್ನು 122 ಮಾಡುತ್ತದೆ. ಸರಿ ಬಂತು ಎಂದು ನೀವು ಎದ್ದು ಹೋಗುತ್ತೀರಿ. ಮುಂದಿನ ಬಿಲ್ 625 ರೂಪಾಯಿಯದು, ತೆರಿಗೆ 112.50. ಈಗ ಅದೇ ‘ರೌಂಡ್’ 112 ಕೊಡುತ್ತದೆ. ಲೆಕ್ಕ ಸರಿಯಾಗಿ ಅರ್ಧಕ್ಕೆ ಬಂದು ನಿಂತಾಗ ಅದು ಹತ್ತಿರದ ಸಮಸಂಖ್ಯೆಯ ಕಡೆ ಹೋಗುತ್ತದೆ. ಪೈಥಾನ್ 3ರ ನಿಯಮವೇ ಹಾಗೆ. ನಮ್ಮ ಕಾನೂನು ಬೇರೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ ಎಂದು ಹಿಡಿಯಬೇಕು, ಅಂದರೆ 113. ನೀವು ಓಡಿಸಿ ನೋಡಿದ್ದು 675ನ್ನು. ತಪ್ಪು ಕೂತಿದ್ದದ್ದು 625ರಲ್ಲಿ. ಎರಡಕ್ಕೂ ಒಂದೊಂದು ಟೆಸ್ಟ್ ಬರೆದಿದ್ದರೆ ಮೊದಲ ದಿನವೇ ಕೆಂಪು ಅಕ್ಷರ ಕಾಣಿಸುತ್ತಿತ್ತು. ‘ಡೆಸಿಮಲ್’ ಬಳಸಿ, ಅರ್ಧವನ್ನು ಮೇಲಕ್ಕೆ ಏರಿಸುವಂತೆ ಹೇಳಿ ಮುಗಿಸುತ್ತಿದ್ದಿರಿ.

‘ಪುರುಸೊತ್ತಿಲ್ಲ, ಟೆಸ್ಟಿಗೆ ಗಿರಾಕಿ ದುಡ್ಡೂ ಕೊಡುವುದಿಲ್ಲ.’ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಏನೂ ಇಲ್ಲ. ‘ಯೂನಿಟ್‌ಟೆಸ್ಟ್’ 2001ರಿಂದ ಪೈಥಾನಿನ ಜೊತೆಗೇ ಬರುತ್ತಿದೆ. ಇನ್ನು ಪುರುಸೊತ್ತಿನ ಮಾತು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು, ಸಿಮೆಂಟ್ 28ರಿಂದ 18ಕ್ಕೆ ಇಳಿಯಿತು. ಯಾವ ಬಿಲ್ಲಿಗೆ ಹಳೆಯ ದರ, ಯಾವುದಕ್ಕೆ ಹೊಸದು? ಅದೇ ಕಾಯ್ದೆಯ 14ನೇ ಸೆಕ್ಷನ್ ಮೂರು ದಿನಾಂಕ ನೋಡುತ್ತದೆ: ಮಾಲು ಕಳಿಸಿದ್ದು, ಬಿಲ್ ಮಾಡಿದ್ದು, ಹಣ ಬಂದದ್ದು. ಮೂರರಲ್ಲಿ ಎರಡು ಯಾವ ಕಡೆ ಬೀಳುತ್ತವೋ ಆ ಕಡೆಯ ದರ. ಒಟ್ಟು ಎಂಟು ಸಂದರ್ಭ, ಎಂಟು ಪುಟ್ಟ ಟೆಸ್ಟ್. ಒಮ್ಮೆ ಬರೆದಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಓಡುತ್ತವೆ. ಬರೆಯದಿದ್ದರೆ ಆ ಎಂಟನ್ನೂ ಕೀಬೋರ್ಡಿನಲ್ಲಿ ಕುಟ್ಟಿ ನೋಡುವ ಕೆಲಸ ಪ್ರತಿ ಬದಲಾವಣೆಗೂ ಮತ್ತೆ ಬರುತ್ತದೆ. ಪುರುಸೊತ್ತಿಲ್ಲದವರೇ ಟೆಸ್ಟ್ ಬರೆಯಬೇಕು.

‘ಟೆಸ್ಟ್ ಪಾಸಾದರೆ ತಪ್ಪೇ ಇಲ್ಲ ಎಂದಾಯಿತೇ?’ ಇಲ್ಲ, ಒಪ್ಪುತ್ತೇನೆ. ಟೆಸ್ಟಿನಿಂದ ತಪ್ಪು ಇರುವುದು ಗೊತ್ತಾದೀತು, ಇಲ್ಲದಿರುವುದು ಸಾಬೀತಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆಯೇ ಹೇಳಿದ್ದರು. ಆದರೆ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ತಯಾರಿಸಿದ ಹರಿಹರ ನಮ್ಮ ಪಕ್ಕದ ಊರು. ಗೇಜ್ ಹಾಕಿ ನೋಡಿದ ಮಾತ್ರಕ್ಕೆ ಶಾಫ್ಟ್ ಎಂದೂ ಮುರಿಯುವುದಿಲ್ಲ ಎಂದು ಅಲ್ಲಿನ ಯಾವ ಟರ್ನರೂ ಹೇಳಲಾರ. ಹಾಗೆಂದು ಅವನು ಗೇಜ್ ಎಸೆಯುವುದೂ ಇಲ್ಲ.

‘ಕೋಡ್ ಮುಟ್ಟಿದಾಗಲೆಲ್ಲ ಟೆಸ್ಟ್ ಮುರಿಯುತ್ತದೆ.’ ನಾಲ್ಕರಲ್ಲಿ ತೂಕದ ಮಾತು ಇದೇ. ಆದರೆ ತಪ್ಪು ಟೆಸ್ಟಿನದಲ್ಲ, ಅದನ್ನು ಬರೆದ ರೀತಿಯದು. ಕ್ಲಾಸಿನ ಒಳಗಿನ ವೇರಿಯಬಲ್‌ಗಳನ್ನು ಇಣುಕಿ ನೋಡುವ ಟೆಸ್ಟ್ ಮುರಿಯಲೇಬೇಕು. ನಮ್ಮೂರಿನ ಮಂಡಕ್ಕಿಯನ್ನೇ ನೋಡಿ: 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಮಂಡಕ್ಕಿಗೆ ಶೇ. 5, ಬಿಡಿ ಮಂಡಕ್ಕಿಗೆ ತೆರಿಗೆ ಇಲ್ಲ. ನಿಮ್ಮ ಕ್ಲಾಸ್ ಆ ದರವನ್ನು ಇಂದು ಡಿಕ್ಷನರಿಯಲ್ಲಿ ಇಟ್ಟಿರಬಹುದು, ನಾಳೆ ಡೇಟಾಬೇಸಿಗೆ ಸಾಗಿಸಬಹುದು. ಟೆಸ್ಟಿಗೆ ಅದರ ಗೊಡವೆ ಬೇಡ. ಪ್ಯಾಕೆಟ್ ಕೊಟ್ಟರೆ 5 ಬಂತೇ, ಬಿಡಿ ಕೊಟ್ಟರೆ 0 ಬಂತೇ ಎಂದಷ್ಟೇ ಅದು ಕೇಳಬೇಕು. ಇನ್ನೊಂದು: ಇಂದಿನ ದಿನಾಂಕವನ್ನು ಕ್ಲಾಸ್ ತಾನೇ ಕಂಪ್ಯೂಟರಿನಿಂದ ಓದಿಕೊಳ್ಳದಿರಲಿ, ಹೊರಗಿನಿಂದ ಕೊಡಿ. ಆಗ ಸೆಪ್ಟೆಂಬರ್ 21 ಮತ್ತು 22ರ ಬಿಲ್ಲುಗಳನ್ನು ವರ್ಷದ ಯಾವ ದಿನವಾದರೂ ಟೆಸ್ಟ್ ಮಾಡಬಹುದು.