ತಟ್ಟೆಯಲ್ಲಿ ತುಪ್ಪವಿಲ್ಲ, ಮೈದಾನದಲ್ಲಿ ತೊಗಲಿದೆ

ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಬ್ಲಾಸ್ಟರ್ಸ್ ಪಂದ್ಯವಿದ್ದ ದಿನ ಕೊಚ್ಚಿ ಮೆಟ್ರೊದೊಳಗೆ ಹಳದಿ ಬಿಟ್ಟು ಬೇರೆ ಬಣ್ಣ ಕಾಣುವುದಿಲ್ಲ. 2023ರ ಸೆಪ್ಟೆಂಬರ್ 21ರ ಸಂಜೆ ಆ ಹಳದಿಯ ನಡುವೆ ನಾನು ನೀಲಿ ಅಂಗಿಯನ್ನು ಬ್ಯಾಗಿನಲ್ಲಿ ಮಡಚಿಟ್ಟುಕೊಂಡು ಹೊರಟಿದ್ದೆ. ಐಎಸ್‌ಎಲ್ ಋತುವಿನ ಮೊದಲ ಪಂದ್ಯ. ಕೇರಳ ಬ್ಲಾಸ್ಟರ್ಸ್ ಎದುರು ನಮ್ಮ ಬೆಂಗಳೂರು ಎಫ್‌ಸಿ. ಅದೇ ವರ್ಷದ ಮಾರ್ಚ್ 3ರಂದು ಕಂಠೀರವದಲ್ಲಿ, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೇತ್ರಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದ್ದರು. ಅದನ್ನು ಒಪ್ಪದ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆದಿತ್ತು. ಆ ಗಾಯ ಇಲ್ಲಿ ಇನ್ನೂ ಹಸಿಯಾಗಿತ್ತು.

ಬ್ಲಾಸ್ಟರ್ಸ್ 2–1ರಿಂದ ಗೆದ್ದಿತು. ಛೇತ್ರಿ ಅಂದು ಆಡಲಿಲ್ಲ. ಏಷ್ಯನ್ ಗೇಮ್ಸ್‌ಗೆಂದು ಚೀನಾದ ಹಾಂಗ್‌ಝೌನಲ್ಲಿದ್ದರು. ನನ್ನನ್ನು ಕರೆದುಕೊಂಡು ಹೋಗಿದ್ದವರು ಆಫೀಸಿನ ಹಿರಿಯ ಸಹೋದ್ಯೋಗಿ. ಎಲ್ಲರಿಗೂ ಅವರು ಚೇಟ್ಟ. ಗೆದ್ದ ಖುಷಿಗೆ ನಮ್ಮ ಐದಾರು ಜನರ ಗುಂಪನ್ನು ರಸ್ತೆ ಬದಿಯ ತಟ್ಟುಕಡಕ್ಕೆ ಎಳೆದೊಯ್ದು, ಎಲ್ಲರ ಪರವಾಗಿ ಪೊರೋಟ ಮತ್ತು ಬೀಫ್ ಫ್ರೈ ಹೇಳಿಬಿಟ್ಟರು. ನಾನು ಬೇಡವೆಂದೆ. ಮೇಜಿನ ಸದ್ದು ಒಂದು ಕ್ಷಣ ತಗ್ಗಿತು.

‘ನಿಮ್ಮ ಕರ್ನಾಟಕದಲ್ಲಿ ಅದಕ್ಕೆ ಕಾನೂನೇ ಬಂತಲ್ಲ, ಎಡಾ? ನೀನೂ ಆ ಕಡೆಯವನಾ?’ ಎಂದರು ಚೇಟ್ಟ, ನಗುತ್ತಲೇ. ನಗುವಿನೊಳಗೆ ಪ್ರಶ್ನೆ ನಿಜವಾಗಿಯೂ ಇತ್ತು. ನಾನು ಉತ್ತರ ಹುಡುಕುತ್ತಿದ್ದಾಗಲೇ ಚಹಾದ ಹುಡುಗ ಬಂದ. ನನಗೆ ಕಟ್ಟನ್ ಚಾಯ, ಹಾಲು ಬೇಡ ಎಂದೆ. ಚೇಟ್ಟ ಹುಬ್ಬೇರಿಸಿದರು. ‘ಹಸುವಿನ ಮಾಂಸವೂ ಬೇಡ, ಹಾಲೂ ಬೇಡ. ಹಾಗಾದರೆ ನೀನು ಯಾವ ಪಕ್ಷ?’

ಹೊರನಾಡಿನಲ್ಲಿ ನೆಲೆಸಿ, ಆಟದ ಹುಚ್ಚೂ ಇಟ್ಟುಕೊಂಡು, ವೀಗನ್ ಆಗಿ ಬದುಕುವವನ ಕಷ್ಟವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಕೂಡ ಬೇಡ. ತೊಗಲು, ರೇಷ್ಮೆ ಬೇಡ. ಪ್ರಾಣಿಯಿಂದ ಕಿತ್ತು ತಂದದ್ದು ಯಾವುದೂ ಬೇಡ ಎನ್ನುವುದು ವೀಗನ್ ಬದುಕಿನ ಸರಳ ಅರ್ಥ. ನಾನು ದಾವಣಗೆರೆಯವನು. ಬೆಣ್ಣೆ ದೋಸೆಯ ಊರಿನವನು ಬೆಣ್ಣೆ ಬಿಟ್ಟಾಗ ಮನೆಯಲ್ಲಿ ಆದ ಗಲಾಟೆಯನ್ನು ನೀವೇ ಊಹಿಸಿಕೊಳ್ಳಿ. ‘ತುಪ್ಪ ಬೇಡ ಅಂದ್ರೆ ನನ್ನ ಕೈ ಅಡುಗೇನೇ ಬೇಡ ಅಂದಂಗಾತು ಬಿಡಪ್ಪ’ ಎಂದು ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು.

ಕೇರಳಕ್ಕೆ ವರ್ಗವಾದಾಗ ಊರಿನವರೆಲ್ಲ ‘ಅಲ್ಲಿ ಏನು ತಿಂತೀಯಪ್ಪಾ’ ಎಂದು ಮರುಗಿದರು. ಮೊದಲು ತಿರುವನಂತಪುರದ ಟೆಕ್ನೋಪಾರ್ಕ್, ಆಮೇಲೆ ಕೊಚ್ಚಿಯ ಕಾಕ್ಕನಾಡು. ಬಂದು ನೋಡಿದರೆ ಕತೆ ಉಲ್ಟಾ. ನಮ್ಮ ಕಡೆಯ ಹೋಟೆಲುಗಳು ಸಸ್ಯಾಹಾರಿ, ಆದರೆ ಅಲ್ಲಿ ತುಪ್ಪ–ಬೆಣ್ಣೆ ತಪ್ಪಿಸಿಕೊಳ್ಳುವುದು ಕಷ್ಟ. ಖಾರಾಭಾತಿನ ಮೇಲೆ ತುಪ್ಪ, ದೋಸೆಯ ಮೇಲೆ ಬೆಣ್ಣೆ, ಪಲ್ಯಕ್ಕೂ ಕೆಲವೊಮ್ಮೆ ಒಂದು ಚಮಚ. ಇಲ್ಲಿನ ಹೋಟೆಲುಗಳು ಮಾಂಸಾಹಾರಿ, ಆದರೆ ತರಕಾರಿಯ ಅಡುಗೆಯೆಲ್ಲ ಬಹುಪಾಲು ತೆಂಗಿನದ್ದು. ಪುಟ್ಟು–ಕಡಲೆ, ಇಡಿಯಪ್ಪಕ್ಕೆ ತೆಂಗಿನ ಹಾಲಿನ ತರಕಾರಿ ಇಷ್ಟು, ಗಂಜಿ–ಪಯರು, ತೋರನ್, ಓಲನ್, ತೆಂಗಿನೆಣ್ಣೆಯಲ್ಲಿ ಕರಿದ ಪಳಂಪೊರಿ. ಊಟದಲ್ಲಿ ಪರಿಪ್ಪಿನ ಮೇಲಿನ ತುಪ್ಪ ಮತ್ತು ಕೊನೆಯ ಮೋರು ಬೇಡವೆಂದರೆ ಎಲೆ ತುಂಬಾ ನನ್ನದೇ. ಸಸ್ಯಾಹಾರಿಗೆ ಕರ್ನಾಟಕ ಸುಲಭ, ವೀಗನ್‌ಗೆ ಕೇರಳ ಸುಲಭ. ತಟ್ಟೆ ನನಗೆ ಸಮಸ್ಯೆಯೇ ಅಲ್ಲ.

ಸಮಸ್ಯೆ ಇರುವುದು ಮೇಜಿನಲ್ಲಿ. ಆಟದ ಅಭಿಮಾನ ಒಬ್ಬನೇ ಮಾಡುವ ಕೆಲಸವಲ್ಲ. ಗೆದ್ದಾಗ ಒಟ್ಟಿಗೆ ತಿನ್ನಬೇಕು, ಸೋತಾಗ ಒಟ್ಟಿಗೆ ಬೈಯಬೇಕು. ನಮ್ಮ ದೇಶದಲ್ಲಿ ಜೊತೆಗೆ ಕೂತು ತಿನ್ನದವನ ಮೇಲೆ ಅನುಮಾನ ಬರುವುದಕ್ಕೆ ಶತಮಾನಗಳ ಕಾರಣವಿದೆ. ‘ಬೇಡ’ ಎಂದವನು ಯಾವ ಜಾತಿ, ಯಾವ ಪಕ್ಷ ಎಂದು ಕೇಳುವುದು ಇಲ್ಲಿ ಅಸಭ್ಯತೆಯಲ್ಲ, ಅನುಭವದ ಮಾತು. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆಯನ್ನು ಕೇರಳದವರು ಪತ್ರಿಕೆಯಲ್ಲಿ ಓದಿದ್ದಾರೆ. ಊಟವನ್ನು ಕಾನೂನು ಮಾಡಿ ಕಸಿಯುವವರೂ, ತನ್ನ ತಟ್ಟೆಯಿಂದ ತಾನೇ ಒಂದನ್ನು ತೆಗೆದಿಡುವವನೂ ದೂರದಿಂದ ಒಂದೇ ತರಹ ಕಾಣುತ್ತಾರೆ.

ಆ ರಾತ್ರಿ ನಾನು ಹೇಳಿದ್ದು ಇಷ್ಟು: ‘ಚೇಟ್ಟಾ, ಇದು ಮಡಿಯಲ್ಲ. ಮಡಿಯಾಗಿದ್ದರೆ ಹಾಲು ತುಪ್ಪ ಮೊದಲು ತಿನ್ನುತ್ತಿದ್ದೆ. ನಿಮ್ಮ ತಟ್ಟೆ ನನಗೆ ಮೈಲಿಗೆಯಲ್ಲ. ಹಾಲು ಕೊಡದ ಗಂಡುಗರು ಏನಾಗುತ್ತದೆ ಎಂದು ಒಮ್ಮೆ ಯೋಚಿಸಿದೆ, ಅಲ್ಲಿಂದ ಶುರುವಾಯಿತು.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಡಿಯವನಿಗೆ ಕೂಗಿದರು: ‘ಇವನಿಗೆ ಕಪ್ಪ ಕೊಡು. ಮೀನು ಸಾರು ಬೇಡ, ಮುಳಗು ಚಮ್ಮಂದಿ ಹಾಕು.’ ಬೇಯಿಸಿದ ಮರಗೆಣಸು, ಜಜ್ಜಿದ ಈರುಳ್ಳಿ–ಮೆಣಸಿನಕಾಯಿ, ಮೇಲೆ ಹಸಿ ತೆಂಗಿನೆಣ್ಣೆ. ಅವರ ತಟ್ಟೆಯ ಪಕ್ಕದಲ್ಲೇ ನನ್ನ ತಟ್ಟೆ ಬಂತು. ಆಮೇಲೆ ಮಾತು ಮತ್ತೆ ಛೇತ್ರಿಯ ಫ್ರೀ ಕಿಕ್‌ಗೆ ಹೊರಳಿತು.

ಛೇತ್ರಿಯೂ ವೀಗನ್ ಎಂದು ಅಲ್ಲೇ ಹೇಳಿದೆ. ವೀಗನ್ ಆಹಾರದ ಪರವಾಗಿ ಪೇಟಾ ಇಂಡಿಯಾದ ಪ್ರಚಾರದಲ್ಲಿ ಕಾಣಿಸಿಕೊಂಡವರು ಅವರು. ಚೇಟ್ಟ ಮೇಜು ಕುಟ್ಟಿದರು: ‘ಅದಕ್ಕೇ ಎಡಾ, ಗೋಡೆ ಕಟ್ಟುವವರೆಗೆ ಕಾಯಲಿಲ್ಲ. ಹಸಿದವನಿಗೆ ತಾಳ್ಮೆ ಎಲ್ಲಿಂದ ಬರಬೇಕು!’ ‘ಪ್ರೋಟೀನ್ ಎಲ್ಲಿಂದ ಬರುತ್ತೆ’ ಎಂದು ಕೇಳುವವರಿಗೆ ನಾನು ಈಗಲೂ ಅವರ ಹೆಸರನ್ನೇ ಹೇಳುತ್ತೇನೆ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ನಿಂದ ನಿವೃತ್ತರಾಗಿದ್ದ ಮನುಷ್ಯ 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ, ಭಾರತ ತಂಡಕ್ಕೆ ಮರಳಿ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದರು. ಆ ಚರ್ಚೆ ಅಲ್ಲಿಗೆ ಸಾಕು.

ಆದರೆ ಮನಸ್ಸಿಗೆ ಸಮಾಧಾನ ಕೊಡದ ಒಂದು ವಿಷಯವಿದೆ. ಅದು ಚೆಂಡು.

ತಿರುವನಂತಪುರದ ಕಾರ್ಯವಟ್ಟಂ ಗ್ರೀನ್‌ಫೀಲ್ಡ್ ಕ್ರೀಡಾಂಗಣ ಟೆಕ್ನೋಪಾರ್ಕ್‌ನಿಂದ ಕೂಗಳತೆಯಲ್ಲಿದೆ. 2023ರ ಜನವರಿ 15ರಂದು ಅಲ್ಲಿ ಭಾರತ ಶ್ರೀಲಂಕಾವನ್ನು 317 ರನ್‌ಗಳಿಂದ ಸೋಲಿಸಿತು. ಏಕದಿನ ಕ್ರಿಕೆಟ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಅಂತರದಿಂದ ಗೆದ್ದಿರಲಿಲ್ಲ. ಕೊಹ್ಲಿ ಅಜೇಯ 166. ಅರ್ಧ ಖಾಲಿ ಇದ್ದ ಗ್ಯಾಲರಿಯಲ್ಲಿ ಕೂತು ಗಂಟಲು ಹರಿಯುವಷ್ಟು ಕೂಗಿದವರಲ್ಲಿ ನಾನೂ ಒಬ್ಬ. ಶ್ರೀಲಂಕಾದ ಸರದಿಯಲ್ಲಿ ಸಿರಾಜ್ ಓಟಕ್ಕೆ ಮುನ್ನ ಚೆಂಡನ್ನು ಪ್ಯಾಂಟಿಗೆ ಉಜ್ಜಿ ಹೊಳಪು ಕೊಡುತ್ತಿದ್ದರು. ಆ ಹೊಳಪು ತೊಗಲಿನದ್ದು ಎಂಬ ಮಾತು ಆ ಗದ್ದಲದ ನಡುವೆ ತಲೆಗೆ ಬಂತು. ನನ್ನ ಕಾಲಿನ ಶೂ ಕ್ಯಾನ್‌ವಾಸು, ಬೆಲ್ಟು ಬಟ್ಟೆಯದ್ದು. ನಾನು ಚಪ್ಪಾಳೆ ತಟ್ಟುತ್ತಿರುವುದು ಹಸುವಿನ ತೊಗಲಿನ ತಿರುವಿಗೆ. ನನ್ನ ಚಹಾದ ಒಂದು ಚಮಚ ಹಾಲಿಗಿಂತ ಇದು ಚಿಕ್ಕ ವಿಷಯವೇ?

ಕ್ರಿಕೆಟ್ ಒಂದೇ ಅಲ್ಲ. ಬ್ಯಾಡ್ಮಿಂಟನ್ ಶಟಲ್‌ನಲ್ಲಿ 16 ಗರಿಗಳಿವೆ. ಅವು ಬಾತುಕೋಳಿಯದ್ದು ಅಥವಾ ಹೆಬ್ಬಾತಿನದ್ದು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ನಮ್ಮವರು, ಎಚ್.ಎಸ್. ಪ್ರಣಯ್ ಈ ತಿರುವನಂತಪುರದವರು. ಇಬ್ಬರ ಆಟವೂ ಆ ಗರಿಗಳ ಮೇಲೆಯೇ ನಿಂತದ್ದು. ಗ್ಯಾಲರಿಯನ್ನು ಕುಣಿಸುವ ಚೆಂಡೆಗೂ ಬಿಗಿದಿರುವುದು ತೊಗಲೇ. ನಮ್ಮ ಯಕ್ಷಗಾನದ ಚೆಂಡೆ–ಮದ್ದಳೆಗೂ ಅಷ್ಟೆ. ಹಾಗಾದರೆ ಎಲ್ಲದರಿಂದ ಎದ್ದು ಹೋಗಬೇಕೆ?

ಕೆಲವು ವೀಗನ್ ಗೆಳೆಯರು ಹೌದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನನಗೆ ಉತ್ತರ ಸಿಕ್ಕಿದ್ದು ಫುಟ್‌ಬಾಲಿನಲ್ಲಿ. 1982ರ ವಿಶ್ವಕಪ್‌ವರೆಗೆ ಫುಟ್‌ಬಾಲ್ ಕೂಡ ತೊಗಲಿನದ್ದೇ. 1986ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಮೊದಲ ಬಾರಿಗೆ ಪೂರ್ತಿ ಕೃತಕ ವಸ್ತುವಿನ ಚೆಂಡು ಬಂತು. ಮರಡೋನಾ ಇಂಗ್ಲೆಂಡಿನ ಅರ್ಧ ತಂಡವನ್ನು ದಾಟಿ ಗೋಲು ಹೊಡೆದದ್ದು ಆ ಚೆಂಡಿನಲ್ಲೇ. ಆಟದ ಸೊಗಸು ಎಲ್ಲಿಯೂ ಹೋಗಲಿಲ್ಲ. ಬದಲಾವಣೆಗೆ ಕಾರಣ ಕರುಣೆಯೇನೂ ಅಲ್ಲ. ತೊಗಲು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು, ಕೃತಕ ವಸ್ತು ಹಾಗಾಗುತ್ತಿರಲಿಲ್ಲ. ಕಲೂರಿನಲ್ಲಿ ಮಂಜಪ್ಪಡ ಅಭಿಮಾನಿಗಳು ಯಾವುದೋ ಚೆಂಡಿಗಾಗಿ ಉಸಿರು ಬಿಗಿಹಿಡಿದು ಕೂರುತ್ತಾರಲ್ಲ, ಅದರಲ್ಲಿ ಹಸು ಇಲ್ಲ. ಅವರಿಗೆ ಅದು ಗೊತ್ತೂ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. 2023ರಲ್ಲಿ ನೈಕಿ ಮತ್ತು ಪೂಮಾ ಕಂಪನಿಗಳು ಬೂಟುಗಳಿಗೆ ಕಾಂಗರೂ ತೊಗಲು ಬಳಸುವುದನ್ನು ನಿಲ್ಲಿಸುವುದಾಗಿ ಹೇಳಿದವು. ಹೀಗೆ ಆಟ ಒಳಗಿನಿಂದಲೇ ಬದಲಾಗುತ್ತದೆ, ಅದನ್ನು ಪ್ರೀತಿಸುವವರು ಕೇಳುತ್ತಾ ಹೋದರೆ.

ಕ್ರಿಕೆಟ್‌ಗೆ ಇದು ಕಷ್ಟ ಎನ್ನುವುದನ್ನು ಬಲ್ಲೆ. ಸ್ವಿಂಗ್, ರಿವರ್ಸ್, ಚೆಂಡು ಹಳತಾಗುತ್ತ ಹೋಗುವ ಪರಿ, ಎಲ್ಲವೂ ತೊಗಲಿನ ಮೇಲೆ ನಿಂತಿವೆ. ಇಂಗ್ಲೆಂಡಿನ ಕ್ಲಬ್‌ವೊಂದು ರಬ್ಬರಿನ ಚೆಂಡನ್ನು ಆಡಿ ನೋಡಿದಾಗ ಅದು ಹೆಚ್ಚು ಪುಟಿಯುತ್ತದೆ ಎಂಬ ದೂರು ಬಂದಿತ್ತು. ಆದರೆ ಕ್ರಿಕೆಟ್‌ನ ನಾಲ್ಕನೇ ನಿಯಮ ಚೆಂಡು 155.9ರಿಂದ 163 ಗ್ರಾಂ ತೂಗಬೇಕು ಎನ್ನುತ್ತದೆ, ಸುತ್ತಳತೆ ಹೇಳುತ್ತದೆ; ತೊಗಲೇ ಆಗಬೇಕು ಎನ್ನುವುದಿಲ್ಲ. ದೇಶದ ಸಹಜ ರಬ್ಬರಿನ ಬಹುಪಾಲು ಬೆಳೆಯುವುದು ಈ ಕೇರಳದಲ್ಲೇ. ಶಾಲಾ ಮಕ್ಕಳ ಟೂರ್ನಿಯಲ್ಲಿ, ಕಂಪನಿಗಳ ವಾರಾಂತ್ಯದ ಲೀಗ್‌ಗಳಲ್ಲಿ ತೊಗಲಿಲ್ಲದ ಚೆಂಡನ್ನು ಪ್ರಯೋಗಿಸಿ ನೋಡಲು ರಣಜಿ ಟ್ರೋಫಿಯ ಅಪ್ಪಣೆ ಬೇಕಿಲ್ಲ. ಮೃದಂಗಕ್ಕೇ ಕೃತಕ ಪೊರೆ ಹಾಕಿ ನುಡಿಸುವಂತೆ ಮಾಡಿದ ಊರು ನಮ್ಮ ಬೆಂಗಳೂರು. ಮೃದಂಗದ ನಾದಕ್ಕಿಂತ ಚೆಂಡಿನ ಸ್ವಿಂಗ್ ಸೂಕ್ಷ್ಮವೇ?

ಇಲ್ಲಿ ಮರೆಯಬಾರದ ಮಾತೊಂದಿದೆ. ನಮ್ಮ ಕ್ರಿಕೆಟ್ ಚೆಂಡುಗಳು ಬರುವುದು ಮೀರಠ್, ಜಾಲಂಧರ್‌ನಂಥ ಊರುಗಳಿಂದ. ಅಲ್ಲಿ ತೊಗಲು ಹದ ಮಾಡಿ, ಕೈಯಲ್ಲಿ ಹೊಲಿಗೆ ಹಾಕುವವರಲ್ಲಿ ಬಹಳ ಮಂದಿ ದಲಿತರು. ಆ ಕೆಲಸವನ್ನು ಅವರ ಮೇಲೆ ಹೊರಿಸಿ, ಹೊರಿಸಿದ ಮೇಲೆ ‘ಮುಟ್ಟಬೇಡ’ ಎಂದದ್ದು ನಮ್ಮ ಸಮಾಜ. ಅವರು ಮಾಡಿಕೊಟ್ಟ ಚೆಂಡನ್ನು ಹೆಮ್ಮೆಯಿಂದ ಹಿಡಿದದ್ದೂ ನಾವೇ. ಈಗ ನನ್ನಂಥ ಐಟಿ ಸಂಬಳದವನು ಬಂದು ‘ತೊಗಲು ಬೇಡ’ ಎಂದರೆ ಅದು ಹಳೆಯ ಮಾತಿನ ಹೊಸ ಅನುವಾದದಂತೆ ಕೇಳಿಸೀತು. ಆದ್ದರಿಂದ ಹೊಸ ಚೆಂಡನ್ನು ಕೇಳುವವನು, ಅದನ್ನು ಹೊಲಿಯುವ ಕೈಗಳು ಅವೇ ಇರಲಿ, ಕೂಲಿ ಕಡಿಮೆಯಾಗದಿರಲಿ ಎಂದೂ ಒಂದೇ ಉಸಿರಿನಲ್ಲಿ ಕೇಳಬೇಕು. ಪ್ರಾಣಿಯ ನೋವು ಕಾಣುವ ಕಣ್ಣಿಗೆ ಮನುಷ್ಯನ ನೋವು ಕಾಣದಿದ್ದರೆ ಅದು ಕರುಣೆಯಲ್ಲ, ಮಡಿಯೇ.

ಇಂಗ್ಲೆಂಡಿನ ಫಾರೆಸ್ಟ್ ಗ್ರೀನ್ ರೋವರ್ಸ್ ಎಂಬ ಫುಟ್‌ಬಾಲ್ ಕ್ಲಬ್ 2015ರಿಂದ ಆಟಗಾರರಿಗೂ ಪ್ರೇಕ್ಷಕರಿಗೂ ಪೂರ್ತಿ ವೀಗನ್ ಊಟವನ್ನೇ ಕೊಡುತ್ತಿದೆ. 2017ರಲ್ಲಿ ಅದು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ಗೆ ಬಡ್ತಿ ಪಡೆಯಿತು. ಓದಿ ಸಂತೋಷಪಟ್ಟೆ. ಆದರೆ ಅದನ್ನು ಕಲೂರಿಗೆ ತರಬೇಕೆಂದು ನನಗೆ ಅನ್ನಿಸುವುದಿಲ್ಲ. ಅಲ್ಲಿ ಅದೊಂದು ಪ್ರಯೋಗ. ಇಲ್ಲಿ ಇನ್ನೊಬ್ಬರ ತಟ್ಟೆಗೆ ಕೈ ಹಾಕುವುದಕ್ಕೆ ಬೇರೆಯೇ ಚರಿತ್ರೆಯಿದೆ. ಕ್ರೀಡಾಂಗಣದ ಅಂಗಡಿಯಲ್ಲಿ ಕಟ್ಲೆಟ್, ಬಿರಿಯಾನಿಯ ಪಕ್ಕದಲ್ಲಿ ಕಪ್ಪ–ಚಮ್ಮಂದಿಯೂ ಕಟ್ಟನ್ ಚಾಯವೂ ಇದ್ದರೆ ಸಾಕು.

ಹೊರನಾಡಿಗೆ ಬಂದ ಕನ್ನಡಿಗರಲ್ಲಿ ನನ್ನಂಥವರು ಅಲ್ಲೊಬ್ಬ ಇಲ್ಲೊಬ್ಬರಿದ್ದೀರಿ ಎಂದು ಬಲ್ಲೆ. ವೀಗನ್ ಅಲ್ಲದಿದ್ದರೂ ಸಸ್ಯಾಹಾರಿಯೆಂದು ಪಾರ್ಟಿ ತಪ್ಪಿಸಿಕೊಳ್ಳುವವರು ಇನ್ನೂ ಹೆಚ್ಚು. ನಿಮಗೆ ನನ್ನದೊಂದೇ ಮಾತು: ತಟ್ಟೆ ಬೇರೆ ಇರಲಿ, ಮೇಜು ಬೇರೆ ಮಾಡಬೇಡಿ. ಡಬ್ಬಿ ತೆಗೆದುಕೊಂಡು ಮೂಲೆಗೆ ಹೋದವನ ಕಾರಣವನ್ನು ಯಾರೂ ಕೇಳುವುದಿಲ್ಲ, ತಾವೇ ಊಹಿಸಿಕೊಳ್ಳುತ್ತಾರೆ. ಪಕ್ಕದಲ್ಲೇ ಕೂತವನನ್ನು ಕೇಳುತ್ತಾರೆ, ಕೇಳಿದರೆ ಹೇಳಬಹುದು.

ಚೇಟ್ಟ ಈಗಲೂ ಬೀಫ್ ತಿನ್ನುತ್ತಾರೆ, ನಾನು ಈಗಲೂ ಕ್ರಿಕೆಟ್ ನೋಡುತ್ತೇನೆ. ನಮ್ಮಿಬ್ಬರಲ್ಲಿ ಯಾರೂ ಪೂರ್ತಿ ಗೆದ್ದಿಲ್ಲ. ಆದರೆ ಹೋದ ತಿಂಗಳು ಆಫೀಸಿನ ಕ್ರಿಕೆಟ್ ಟೂರ್ನಿಗೆ ಸಾಮಾನು ತರಿಸುವ ಹೊಣೆ ಅವರ ಮೇಲೆ ಬಿತ್ತು. ಪಟ್ಟಿ ಬರೆಯುತ್ತಾ ನನ್ನ ಮೇಜಿನ ಬಳಿ ನಿಂತು, ‘ಎಡಾ, ಆ ತೊಗಲಿಲ್ಲದ ಬಾಲು ಎಲ್ಲಿ ಸಿಗುತ್ತೆ, ನೋಡಿ ಹೇಳು’ ಎಂದರು. ಹುಡುಕುತ್ತಿದ್ದೇನೆ.